ಮನೆಯ ಸೊಸೆಗೆ ಪಗಾರ

ನಮ್ಮ ಮನೆಯಲ್ಲಿ ಯಾರಾದರೂ ಬಿಟ್ಟು ಹೋದರೆ ಅಳುವ ಪದ್ಧತಿ ಇರಲಿಲ್ಲ. ಅಳುತ್ತ ಕೂತರೆ ಮಧ್ಯಾಹ್ನದ ಊಟಕ್ಕೆ ಮಂದಿ ಬಂದುಬಿಡುತ್ತಿದ್ದರು. ಸಿಂಧನೂರಿನ ಹಳೆಯ ಪೇಟೆಯಲ್ಲಿ ನಮ್ಮದೊಂದು ಖಾನಾವಳಿ. ಖಾನಾವಳಿಯೇ ಮನೆ, ಮನೆಯೇ ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳು ಉಣ್ಣುತ್ತಿದ್ದರು, ಹಿಂದಿನ ಕೋಣೆಗಳಲ್ಲಿ ನಾವು ಮಲಗುತ್ತಿದ್ದೆವು, ನಡುವೆ ಇದ್ದ ಅಡಿಗೆಮನೆ ಮನೆಗೆ ಸೇರಿದ್ದೋ ಅಂಗಡಿಗೆ ಸೇರಿದ್ದೋ ನನಗೆ ಕಡೆತನಕ ಗೊತ್ತಾಗಲಿಲ್ಲ. ಬಾಗಿಲ ಪಕ್ಕದಲ್ಲಿ ಗಲ್ಲಾಪೆಟ್ಟಿಗೆ, ಅದರ ಹಿಂದೆ ಅಪ್ಪ. ಒಲೆಯ ಮುಂದೆ ಅವ್ವ. ಅಪ್ಪನ ತಮ್ಮ, ನನ್ನ ಕಾಕಾ ಸಿದ್ದಪ್ಪ, ಊರಿಗೆ ಹೊಸದಾಗಿ ಬಂದಿದ್ದ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಲೆ ಮುಕಾದಮನಾಗಿದ್ದ. ಅವನ ಹೆಂಡತಿ ನನಗೆ ಬುದ್ಧಿ ತಿಳಿಯುವ ಮೊದಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಕ್ಕಳೆಂದರೆ ಇಡೀ ಮನೆಗೆ ನಾನೊಬ್ಬಳೇ. ಗಿರಾಕಿಗಳೆಲ್ಲ ಎದ್ದ ಮೇಲೆ ಉಳಿದದ್ದೇ ನಮ್ಮ ಊಟ. ಪುಂಡಿಪಲ್ಯ ಚೆನ್ನಾಗಿ ಆದ ದಿನ ನಮಗೆ ಪುಂಡಿಪಲ್ಯ ಇರುತ್ತಿರಲಿಲ್ಲ. ಅದು ಬೇಸರದ ವಿಷಯ ಅಂತ ನನಗೆ ಅನಿಸುತ್ತಲೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಅವು ಕಾಲುವೆಗೆ ನೀರು ಬಂದ ಹೊಸ ವರ್ಷಗಳು. ಊರಿನ ಮಂದಿಗೆಲ್ಲ ಕಾಲುವೆ ಎಂದರೆ ಭಾಗ್ಯ. ನಮ್ಮ ಅವ್ವನಿಗೆ ಮಾತ್ರ ಅದು ಕೆಲಸದವರನ್ನು ಕಸಿದುಕೊಂಡು ಹೋಗುವ ಒಂದು ಪೀಡೆ. ಕಾಲುವೆಗೆ ನೀರು ಬಿಟ್ಟರಂತೆ ಎಂಬ ಸುದ್ದಿ ಬಂದ ಕೂಡಲೇ ದಢೇಸುಗೂರಿನ ಕಡೆ ಭತ್ತದ ನಾಟಿ ಶುರುವಾಗುತ್ತಿತ್ತು, ನಾಟಿಯ ಕೂಲಿ ಖಾನಾವಳಿಯ ಪಗಾರಕ್ಕಿಂತ ಜಾಸ್ತಿ. ನಿನ್ನೆ ಪಾತ್ರೆ ತಿಕ್ಕುತ್ತಿದ್ದವಳು ಇವತ್ತು ಗದ್ದೆಯಲ್ಲಿ. ಅದೇ ಹೊತ್ತಿಗೆ ಗಿರಾಕಿಗಳು ಹೆಚ್ಚಾಗುತ್ತಿದ್ದರು: ಲಾರಿ ಡ್ರೈವರುಗಳು, ಗಿರಣಿ ಹಮಾಲರು, ಕಾಲುವೆ ಇಲಾಖೆಯ ಗುಮಾಸ್ತರು, ಕ್ಯಾಂಪುಗಳಲ್ಲಿ ಬಂದು ನೆಲೆಸಿದ್ದ ಆಂಧ್ರದ ರೈತರು. ಆಂಧ್ರದವರು ಅನ್ನ ಕೇಳುತ್ತಿದ್ದರು. ಅನ್ನ ಯಾರು ಬೇಕಾದರೂ ಬೇಯಿಸುತ್ತಾರೆ. ಉಳಿದವರಿಗೆಲ್ಲ ಜೋಳದ ರೊಟ್ಟಿಯೇ ಆಗಬೇಕು, ಅದು ಬಿಸಿಯಾಗಿರಬೇಕು, ಹಪ್ಪಳದಷ್ಟು ತೆಳ್ಳಗಿರಬೇಕು. ರೊಟ್ಟಿ ಬಡಿಯುವವಳು ಇಲ್ಲದ ಖಾನಾವಳಿ ಮುಚ್ಚಿದ ಖಾನಾವಳಿ ಎಂದು ಅವ್ವ ಹೇಳುತ್ತಿದ್ದಳು.

ಕೆಲಸಕ್ಕೆ ಮಂದಿಯನ್ನು ತೆಗೆದುಕೊಳ್ಳುವ ವಿಷಯದಲ್ಲಿ ಅಪ್ಪ ಅವ್ವ ಇಬ್ಬರದೂ ಎತ್ತು ಏರಿಗೆ, ಕೋಣ ನೀರಿಗೆ. ಕಣ್ಣೀರು ತಂದುಕೊಂಡು ಕೇಳಿದವರನ್ನೆಲ್ಲ ಅಪ್ಪ ಇಟ್ಟುಕೊಳ್ಳುತ್ತಿದ್ದ. ಅವನು ಇಟ್ಟ ಒಬ್ಬ ನೀರು ಹೊರುವವನು ಕೊಡ ಇಳಿಸಿದಲ್ಲೇ ಗೊರಕೆ ಹೊಡೆಯುತ್ತಿದ್ದ. ಇನ್ನೊಬ್ಬ ಹಬ್ಬದ ಮರುದಿನ ನಮ್ಮ ಹಿತ್ತಾಳೆ ಕೊಳಗದ ಜೊತೆಗೇ ಮಾಯವಾದ. ಉಂಡೂ ಹೋದ, ಕೊಂಡೂ ಹೋದ ಎಂದು ಅವ್ವ ಆ ಕೊಳಗದ ಹೆಸರು ಹೇಳಿ ಹೇಳಿ ಅಪ್ಪನನ್ನು ಚುಚ್ಚುತ್ತಿದ್ದಳು. ಅವ್ವನ ರೀತಿ ಬೇರೆ. ಕೆಲಸ ಕೇಳಿ ಬಂದ ಹೆಂಗಸಿಗೆ ಹಿಟ್ಟು, ಕುದಿಯುವ ನೀರು ಕೊಟ್ಟು ಬಡಿ ಎನ್ನುತ್ತಿದ್ದಳು. ತಾನು ಗೋಡೆಯ ಆಚೆ ಹೋಗಿ ಬೆನ್ನು ಹಾಕಿ ಕೂರುತ್ತಿದ್ದಳು. ರೊಟ್ಟಿಯನ್ನು ನೋಡುತ್ತಲೇ ಇರಲಿಲ್ಲ. ಬಡಿಯುವ ಸಪ್ಪಳವನ್ನಷ್ಟೇ ಕೇಳುತ್ತಿದ್ದಳು. ಮೊದಲನೆಯ ರೊಟ್ಟಿಯನ್ನು ಎಲ್ಲರೂ ಚೆನ್ನಾಗಿ ಬಡಿಯುತ್ತಾರೆ, ಹಿಟ್ಟು ಮುಗಿಯುತ್ತ ಬಂದಾಗಲೂ ಸಪ್ಪಳ ಅದೇ ಇದ್ದರೆ ಅವಳು ನಿಲ್ಲುವ ಹೆಣ್ಣು ಎಂಬುದು ಅವಳ ಲೆಕ್ಕ. ಆಮೇಲೆ ಒಂದೇ ಪ್ರಶ್ನೆ: ಮನೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ ಎಂದವಳನ್ನು ಕಳಿಸಿಬಿಡುತ್ತಿದ್ದಳು. ಕಟ್ಟಿಹಾಕುವ ಗೂಟ ಒಂದಾದರೂ ಇರಬೇಕು ಎನ್ನುತ್ತಿದ್ದಳು.

ಅಮರಮ್ಮ ಬಂದದ್ದು ಒಂದು ಬೇಸಿಗೆಯಲ್ಲಿ. ತೆಳ್ಳಗಿನ ಹೆಂಗಸು, ಅವ್ವನಿಗಿಂತ ಚಿಕ್ಕವಳು, ನಮ್ಮ ಪೈಕಿಯವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಟ್ಟು ನಾದಿದಳು. ಅವ್ವ ಗೋಡೆಯ ಆಚೆ ಕೂತು ಕೇಳಿದಳು, ಹಿಟ್ಟು ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ಬಂದು ಕೇಳಿದಳು.

"ಮನ್ಯಾಗ ಯಾರ‍್ಯಾರು ಅದಾರ?"

"ನಮ್ಮವ್ವ ಒಬ್ಬಾಕಿ ಅದಾಳ್ರಿ, ಗುರುಗುಂಟ್ಯಾಗ. ಕಣ್ಣು ಸರಿಯಾಗಿ ಕಾಣಂಗಿಲ್ಲ. ಗಂಡ ತೀರಿಕೊಂಡಾನ. ಮಕ್ಕಳಿಲ್ಲ."

"ಯಾವತ್ತಿಂದ ಬರ್ತಿ?"

"ಇವತ್ತ ಇರ‍್ತೀನಿ. ಆದ್ರ ಎರಡು ಮಾತದಾವ್ರಿ ಅಕ್ಕಾರ. ಅಮಾಸಿಗೊಮ್ಮೆ ಊರಿಗೆ ಹೋಗಾಕ ರಜಾ ಬೇಕು. ಮತ್ತ ನನ್ನ ಪಗಾರ ನನ್ನ ಕೈಯಾಗ ಕೊಡಬೇಕು. ಭಾವ ಬಂದಿದ್ದ, ಮೈದುನ ಬಂದಿದ್ದ ಅಂತ ಯಾರ ಕೈಯಾಗೂ ಕೊಡಬ್ಯಾಡ್ರಿ."

ಗಲ್ಲಾದ ಹಿಂದೆ ಕೂತಿದ್ದ ಅಪ್ಪ ನಕ್ಕ. ಕೆಲಸ ಕೇಳಲು ಬಂದವಳು ಮಾಲಕರಿಗೇ ಕರಾರು ಹೇಳುತ್ತಿದ್ದಾಳಲ್ಲ ಎಂದು ಅವನಿಗೆ ಮೋಜು. ಅವಳು ನೀರಿಗೆ ಹೋದಾಗ ಅವ್ವ ಅವನಿಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಕರಾರು ಮಾಡಾಕಿ ನಿಲ್ತಾಳ. ಎಲ್ಲಾದಕ್ಕೂ ಹೂಂ ಅನ್ನಾಕಿ ಓಡಿಹೋಗ್ತಾಳ."

ಅವ್ವನ ಮಾತು ನಿಜವಾಯಿತು. ಆ ವರ್ಷ ನಾಟಿ ಶುರುವಾದಾಗ ಎಲ್ಲರೂ ಹೋದರು, ಅಮರಮ್ಮ ಇದ್ದಳು. ಮುಂದಿನ ವರ್ಷವೂ ಇದ್ದಳು. ಹಮಾಲರು ರೊಟ್ಟಿ ಮುರಿದ ಕೂಡಲೇ ಇದು ಅಮರಮ್ಮನ ಕೈ, ಇದು ಅಲ್ಲ ಎಂದು ಹೇಳುವಷ್ಟಾಯಿತು. ಅವಳು ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು. ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಮಾತಿಲ್ಲ, ಮುದ್ದಿಲ್ಲ; ಸಿಕ್ಕು ಬಿಡಿಸುವುದೂ ಅವಳಿಗೆ ಒಂದು ಕೆಲಸ, ಅದನ್ನೂ ಚೆನ್ನಾಗಿ ಮಾಡುತ್ತಿದ್ದಳು. ಹಾಗೆ ಬಾಚಿಸಿಕೊಳ್ಳುವುದು ನನಗೆ ಬೇಕಾಗಿತ್ತು. ನನ್ನ ತಲೆಗೆ ಇನ್ಯಾರೂ ಅಷ್ಟು ಹೊತ್ತು ಕೈ ಹಚ್ಚುತ್ತಿರಲಿಲ್ಲ. ಅಮಾವಾಸ್ಯೆ ಬಂದರೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಿದ್ದಳು. ಪಗಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೈಯಲ್ಲಿ ತಾಯಿಗೆ ಜೋಳದ ಗಂಟು ಹಿಡಿದು, ಮಸ್ಕಿ, ಲಿಂಗಸುಗೂರು ದಾಟಿ ಗುರುಗುಂಟಾಕ್ಕೆ. ಅವತ್ತೆಲ್ಲ ಅವ್ವ ಸಿಡಿಮಿಡಿ ಎನ್ನುತ್ತಿದ್ದಳು, ತಾನೇ ರೊಟ್ಟಿ ಬಡಿಯುತ್ತ ನಡುನಡುವೆ ಎದ್ದು ಬೀದಿ ನೋಡುತ್ತಿದ್ದಳು. ಮರುದಿನ ಅಮರಮ್ಮ ಬಂದು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತಾಗ ಬಂದೆಯಾ ಎಂದೂ ಕೇಳುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಮಸ್ಕಿಯ ಒಬ್ಬ ಸಾವುಕಾರ ಹೊಸ ಖಾನಾವಳಿ ತೆಗೆದ. ಕುರ್ಚಿ, ಟೇಬಲ್ಲು, ಗೋಡೆಗೆ ಹಸಿರು ಬಣ್ಣ. ನಮ್ಮಲ್ಲಿ ಚಾಪೆ ಮತ್ತು ಮಣೆ. ಕುರ್ಚಿಗೆ ಅವ್ವ ಹೆದರಲಿಲ್ಲ, ಕುರ್ಚಿಯನ್ನು ಯಾರೂ ತಿನ್ನುವುದಿಲ್ಲ ಎಂದಳು. ಆದರೆ ಒಂದು ಅಮಾವಾಸ್ಯೆಯ ಮರುದಿನ ಊರಿನಿಂದ ಬಂದ ಅಮರಮ್ಮ ಸೆರಗು ಸಿಕ್ಕಿಸಿಕೊಳ್ಳದೆ ನಿಂತೇ ಮಾತಾಡಿದಳು.

"ಅಕ್ಕಾರ, ಬಸ್ ಸ್ಟ್ಯಾಂಡಿನ ಸಾವುಕಾರ ಹೇಳಿಕಳಿಸ್ಯಾನ್ರಿ. ಪಗಾರ ಜಾಸ್ತಿ ಕೊಡ್ತಾನಂತ. ಹಿಂದ ಒಂದು ಕೋಣಿ ಐತಂತ, ನಮ್ಮವ್ವನ್ನ ತಂದು ಇಟ್ಕೋ ಅಂದಾನ. ನಿಮಗ ಹೇಳದ ಹೋಗಬಾರದಂತ ಹೇಳಾಕತ್ತೀನಿ."

ಅವ್ವ ಯೋಚನೆ ಮಾಡಲು ಎರಡು ದಿನ ಕೇಳಿದಳು. ಪಗಾರ ಏರಿಸಿಬಿಡೋಣ ಎಂದ ಅಪ್ಪ. ನೀನು ಒಂದು ಏರಿಸಿದರೆ ಅವನು ಎರಡು ಏರಿಸುತ್ತಾನೆ ಎಂದಳು ಅವ್ವ. ಅಂಗಳದಲ್ಲಿ ಬೇಳೆ ಆರಿಸುತ್ತ ಕೂತಿದ್ದವಳು ಕೊನೆಗೆ ಮೊರ ಕೆಳಗಿಟ್ಟು ಹೇಳಿದಳು.

"ಪಗಾರದಾಕಿ ಹೆಚ್ಚಿಗಿ ಪಗಾರ ಕೊಡಾಂವ ಸಿಕ್ಕರ ಹೋಗ್ತಾಳ. ಮನಿಯಾಕಿ ಎಲ್ಲಿ ಹೋಗ್ತಾಳ? ಸಿದ್ದಪ್ಪಗ ಉಡಿಕಿ ಮಾಡಿಕೊಳ್ಳೋಣು."

ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೊಡುವ ಮದುವೆಗೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಕಾಕಾನಿಗೂ ಹೆಂಡತಿ ಇಲ್ಲ, ಅಮರಮ್ಮನಿಗೂ ಗಂಡನಿಲ್ಲ, ಜಾತಿ ಒಂದೇ. ಅಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದ. ಕಾಕಾ ನೆಲ ನೋಡಿಕೊಂಡು ನಿಮ್ಮಿಷ್ಟ ಎಂದ. ಅಮರಮ್ಮನನ್ನು ಕರೆದು ಕೂರಿಸಿ ಕೇಳಿದಾಗ ಅವಳು ಒಂದೇ ಮಾತು ಕೇಳಿದಳು.

"ಆಮ್ಯಾಲೆ ನನ್ನ ಪಗಾರ?"

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು.

"ಅಯ್ಯ ಹುಚ್ಚಿ, ಮನಿ ಸೊಸಿಗೆ ಯಾರರ ಪಗಾರ ಕೊಡ್ತಾರೇನಬೇ? ಮನಿನ ನಿಂದಾಗತೈತಿ!"

ನಾನೂ ನಕ್ಕೆ, ಎಲ್ಲರೂ ನಕ್ಕರೆಂದು. ಮುಂದೆ ನಾನು ಲಿಂಗಸುಗೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಗಂಡಿನ ಕಡೆಯವರು ನೋಡಲು ಬಂದಾಗ, ನನ್ನ ಪಗಾರ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ಅವರೂ ಹೀಗೇ ನಕ್ಕರು. ಆ ನಗೆ ನನಗೆ ಹೊಸದಾಗಿರಲಿಲ್ಲ, ಹಾಗಾಗಿ ಅದು ಮುಗಿಯುವವರೆಗೆ ಕಾದು ಮತ್ತೆ ಅದನ್ನೇ ಕೇಳಿದೆ. ಅಮರಮ್ಮ ಎರಡನೆಯ ಸಲ ಕೇಳಲಿಲ್ಲ. ಅವಳ ತಾಯಿಯನ್ನು ಕೇಳಿದರು, ಮಗಳಿಗೊಂದು ಆಸರೆಯಾಯಿತು ಎಂದು ಆಕೆ ಕೈಮುಗಿದಳಂತೆ. ತಾಯಿ ಹೂಂ ಅಂದ ಮೇಲೆ ಮಗಳೂ ಹೂಂ ಅಂದಳು. ಎಲ್ಲಾದಕ್ಕೂ ಹೂಂ ಅನ್ನುವವಳ ಬಗ್ಗೆ ಅವ್ವನೇ ಹೇಳಿದ್ದ ಮಾತು ಅವತ್ತು ಅವ್ವನಿಗೇ ನೆನಪಾಗಲಿಲ್ಲ.

ಉಡಿಕೆಗೆ ಓಲಗವಿಲ್ಲ, ಹಾಡಿಲ್ಲ, ಹಂದರವಿಲ್ಲ. ಸೀರೆ ಉಡಿಸಿ, ಬಳೆ ತೊಡಿಸಿ, ತಾಳಿ ಕಟ್ಟಿಸಿದರೆ ಮುಗಿಯಿತು. ಮುತ್ತೈದೆಯರು ಅದನ್ನು ನೋಡಬಾರದೆಂಬ ಪದ್ಧತಿ ಇದ್ದುದರಿಂದ, ಎಲ್ಲವನ್ನೂ ಏರ್ಪಾಟು ಮಾಡಿದ ಅವ್ವ ಆ ಹೊತ್ತಿನಲ್ಲಿ ಅಡಿಗೆಮನೆಯ ಕದ ಹಾಕಿಕೊಂಡು ಒಳಗೆ ಕೂತಳು. ಹೊರಗೆ ಇಬ್ಬರು ಮುದುಕಿಯರು, ಅಪ್ಪ, ಕಾಕಾ, ಅಮರಮ್ಮ, ಆಮೇಲೆ ನಾನು. ಮರುದಿನದಿಂದ ಅವಳನ್ನು ಸಣ್ಣವ್ವ ಎಂದು ಕರೆಯಬೇಕೆಂದು ನನಗೆ ಹೇಳಿದರು, ಕರೆದೆ. ಅವಳು ನನ್ನ ಕೋಣೆಯಿಂದ ಕಾಕಾನ ಕೋಣೆಗೆ ಹಾಸಿಗೆ ಒಯ್ದಳು. ಅವ್ವನನ್ನು ಅಕ್ಕಾರ ಎನ್ನುತ್ತಿದ್ದವಳು ಅಕ್ಕ ಎನ್ನತೊಡಗಿದಳು. ಬದಲಾದದ್ದು ಇಷ್ಟೇ ಎಂದು ನಾನು ತಿಳಿದಿದ್ದೆ.

ಪಗಾರ ಕೊಡುವ ದಿನ ಬಂತು. ಪಾತ್ರೆಯವಳು, ನೀರಿನವನು, ಬಡಿಸುವವನು ಎಲ್ಲರೂ ಗಲ್ಲಾದ ಮುಂದೆ ಬಂದು ನಿಂತರು. ಅವರ ಹಿಂದೆ ಅಮರಮ್ಮನೂ ಬಂದು ನಿಂತಳು. ಅವಳ ಸರದಿ ಬಂದಾಗ ಕೈ ಚಾಚಿದಳು. ಅಪ್ಪ ಅವ್ವನ ಮುಖ ನೋಡಿದ.

"ನಿನಗ್ಯಾಕಬೇ ರೊಕ್ಕ? ಏನು ಬೇಕೋ ಹೇಳು, ತರಿಸಿಕೊಡ್ತೀನಿ" ಎಂದಳು ಅವ್ವ. ಪ್ರೀತಿಯಿಂದಲೇ ಅಂದಳು.

ಅಮರಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ಆ ತಿಂಗಳ ಅಮಾವಾಸ್ಯೆಗೆ ಊರಿಗೆ ಹೊರಟಾಗಲೂ ಅಷ್ಟೇ. ಗಂಡುಳ್ಳ ಹೆಂಗಸು ತಿಂಗಳಿಗೊಮ್ಮೆ ತವರಿಗೆ ಓಡಿದರೆ ಓಣಿಯವರು ಏನೆಂದಾರು, ಕರೆಯಲು ಅಲ್ಲಿಂದ ಯಾರಾದರೂ ಬರಬೇಡವೇ ಎಂದಳು ಅವ್ವ. ಬರುವುದಕ್ಕೆ ಅಲ್ಲಿ ಇದ್ದದ್ದು ಕಣ್ಣು ಕಾಣದ ತಾಯಿ ಒಬ್ಬಳೇ. ಪ್ರತಿ ಅಮಾವಾಸ್ಯೆ ಅವಳನ್ನು ಕರೆದೊಯ್ಯುತ್ತಿದ್ದ ಬಸ್ಸಿನ ಕಂಡಕ್ಟರ್ ಊಟಕ್ಕೆ ಬಂದಾಗ, ಊರಿಗೆ ಏನಾದರೂ ಒಯ್ಯುವುದಿದೆಯೇ ಎಂದು ಕೇಳಿದ. ಏನೂ ಇರಲಿಲ್ಲ.

ಇಷ್ಟಾದರೂ ರೊಟ್ಟಿ ಉಳಿಯಿತಲ್ಲ ಎಂದು ಅವ್ವ ಸಮಾಧಾನದಲ್ಲಿದ್ದಳು. ಅದನ್ನು ಕೆಡಿಸಿದ್ದು ಕಾಕಾ. ಗಿರಣಿಯಲ್ಲಿ ಅವನು ಮುಕಾದಮ. ಅವನ ಕೈಕೆಳಗಿನ ಹಮಾಲರೇ ನಮ್ಮ ಗಿರಾಕಿಗಳು. ಹೆಂಡತಿ ಬಡಿದ ರೊಟ್ಟಿ ಹಮಾಲರ ತಾಟಿಗೆ ಬೀಳುತ್ತಿದೆ ಎಂದು ಅವರು ಅವನನ್ನು ಕಾಡಿಸತೊಡಗಿದರು. ಕೆಟ್ಟ ಮಾತೇನಲ್ಲ, ಊಟದ ಹೊತ್ತಿನ ನಗೆಚಾಟಿಕೆ. ಕಾಕಾನಿಗೆ ಅದು ತಡೆಯಲಿಲ್ಲ. ಮನೆಯವಳನ್ನು ಒಲೆಯ ಮುಂದೆ ಕೂರಿಸಿ ಮಂದಿಗೆ ರೊಟ್ಟಿ ಮಾಡಿಸುವುದು ತನ್ನ ಇಜ್ಜತ್ತಿನ ಪ್ರಶ್ನೆ, ಮನೆಮಂದಿಗೆ ಬೇಕಾದರೆ ಬಡಿಯಲಿ ಎಂದ. ಅತ್ತಿಗೆ ಬಡಿದರೆ ಹೋಗದ ಇಜ್ಜತ್ತು ಹೆಂಡತಿ ಬಡಿದರೆ ಹೋಗುತ್ತದೆಯೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಅವ್ವ ಕೂಡ ಕೇಳಲಿಲ್ಲ. ಒಂದು ಸಂತೆಯ ದಿನ ಕೈ ಸಾಲದೆ ಅವ್ವ ಗುಟ್ಟಾಗಿ ಅಮರಮ್ಮನಿಂದ ಒಂದಿಷ್ಟು ರೊಟ್ಟಿ ಮಾಡಿಸಿದಳು. ಒಬ್ಬ ಹಮಾಲ ಮೊದಲ ತುತ್ತಿಗೇ ತಲೆ ಎತ್ತಿ ಕೂಗಿದ.

"ಸಿದ್ದಪ್ಪಣ್ಣ, ಇವತ್ತು ನಮ್ಮ ನಶೀಬು ಚಲೋ ಐತಿ, ನಿಮ್ಮ ಮನಿಯಾಕಿ ಕೈ ಊಟ!"

ಪಕ್ಕದಲ್ಲೇ ಉಣ್ಣುತ್ತಿದ್ದ ಕಾಕಾ ತಾಟನ್ನು ದೂಡಿ ಎದ್ದ. ಅಡಿಗೆಮನೆಗೆ ಹೋಗಿ ಹಿಟ್ಟಿನ ಪರಾತವನ್ನು ಒದ್ದ. ಹಿಟ್ಟು ನೆಲದ ಮೇಲೆಲ್ಲ ಹರಡಿತು, ಅಮರಮ್ಮ ಅದನ್ನು ಬಳಿದು ತೆಗೆದಳು. ಅವತ್ತಿನಿಂದ ಗಿರಾಕಿಗಳಿಗೆ ಅವಳ ಕೈಯ ರೊಟ್ಟಿ ಪೂರ್ತಿ ನಿಂತಿತು. ಅವಳು ಹಿಂದಿನ ಅಂಗಳದಲ್ಲಿ ಪಾತ್ರೆ ತಿಕ್ಕಿದಳು, ಕಾರ ಕುಟ್ಟಿದಳು, ಬೇಳೆ ಆರಿಸಿದಳು, ಎಲ್ಲರ ಬಟ್ಟೆ ಒಗೆದಳು. ಮುಂಚೆ ಮಾಡುತ್ತಿದ್ದುದಕ್ಕಿಂತ ಹೆಚ್ಚೇ ದುಡಿದಳು. ಅವ್ವ ಹೊಸ ಹೆಂಗಸರನ್ನು ಒಬ್ಬರಾದ ಮೇಲೆ ಒಬ್ಬರನ್ನು ಇಟ್ಟು ನೋಡಿದಳು. ಗೋಡೆಯ ಆಚೆ ಅವರು ಅಡ್ಡಾದಿಡ್ಡಿ ಬಡಿಯುವುದನ್ನು ಕೇಳುತ್ತ ಅಮರಮ್ಮ ಅಂಗಳದಲ್ಲಿ ನನ್ನ ತಲೆ ಬಾಚುತ್ತಿದ್ದಳು. ಅವಳ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನನಗೂ ಏನೂ ಅನಿಸುತ್ತಿರಲಿಲ್ಲ. ಊಳೋ ಎತ್ತನ್ನ ಗುಡಿ ಮುಂದ ಕಟ್ಟಿದಂಗಾತು ಎಂದು ಅವ್ವ ಒಂದು ಸಲ ತನ್ನಷ್ಟಕ್ಕೇ ಗೊಣಗಿದಳು. ತಾನೇ ಕಟ್ಟಿದ್ದು ಎಂದು ಮಾತ್ರ ಹೇಳಲಿಲ್ಲ.

ಭತ್ತದ ಸುಗ್ಗಿಯ ದಿನಗಳಲ್ಲಿ ಕಂಡಕ್ಟರ್ ಒಂದು ಸುದ್ದಿ ತಂದ. ಗುರುಗುಂಟಾದಲ್ಲಿ ಅಮರಮ್ಮನ ತಾಯಿಯ ಮನೆಯಲ್ಲಿ ಒಲೆ ಹಚ್ಚುತ್ತಿಲ್ಲವಂತೆ. ಆಕೆ ನೆರೆಮನೆಗಳ ಬಾಗಿಲಲ್ಲಿ ಕೂತು, ಕೊಟ್ಟರೆ ತಿನ್ನುತ್ತಾಳಂತೆ. ಅಮರಮ್ಮ ಕಾಕಾನನ್ನು ಕೇಳಿದಳು. ಸುಗ್ಗಿ ಮುಗಿಯಲಿ, ಹೋಗಿ ನೋಡಿ ಬರೋಣ ಎಂದ. ಅವ್ವನನ್ನು ಕೇಳಿದಳು. ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಜೋಳ ಕಳಿಸೋಣ ಎಂದಳು ಅವ್ವ, ಕಳಿಸಿದಳು ಕೂಡ. ಕಣ್ಣಿಲ್ಲದವಳಿಗೆ ಆ ಜೋಳ ಬೀಸಿ ರೊಟ್ಟಿ ಮಾಡಿ ಕೊಡುವವರು ಯಾರು ಎಂದು ಕೇಳಬೇಕಾಗಿತ್ತು. ಅಮರಮ್ಮ ಅದನ್ನೂ ಕೇಳಲಿಲ್ಲ.

ಅವಳು ಹೊರಟದ್ದು ಪಡಸಾಲೆ ತುಂಬಿದ ಹೊತ್ತಿನಲ್ಲಿ. ಹಿಂದಿನ ಬಾಗಿಲು ಇತ್ತು, ಅದರಿಂದ ಹೋಗಬಹುದಾಗಿತ್ತು. ಅವಳು ಸೆರಗು ಹೊದ್ದು, ಬಟ್ಟೆಯ ಗಂಟು ಹಿಡಿದು, ಉಣ್ಣುತ್ತ ಕೂತವರ ಸಾಲಿನ ನಡುವೆ ಮುಂದಿನ ಬಾಗಿಲಿಗೆ ನಡೆದಳು. ನಾನು ಗೋಡೆಗೆ ಆತು ನಿಂತಿದ್ದೆ. ನನ್ನ ಹತ್ತಿರ ಬಂದಾಗ ನಿಲ್ಲಲಿಲ್ಲ. ಅಪ್ಪ ಗಲ್ಲಾದಿಂದ ತಲೆ ಎತ್ತಿದ.

"ಎಲ್ಲಿಗೆ ಹೊಂಟಿಯವ್ವ?"

"ನೌಕರಿಗೆ ರೀ" ಎಂದಳು.

ಹಾಗೆ ಹೇಳಿ ಹೊಸ್ತಿಲು ದಾಟಿದಳು. ಅಪ್ಪ ಯಾರಿಗೋ ಚಿಲ್ಲರೆ ಕೊಡುತ್ತಿದ್ದ, ಎದ್ದು ಹಿಂದೆ ಹೋಗಲಿಲ್ಲ. ಒಳಗಿನಿಂದ ಅವ್ವ ಓಡಿ ಬಂದಳು, ಕೈಯಲ್ಲಿ ಹಸಿ ಹಿಟ್ಟು. ಅಷ್ಟರಲ್ಲಿ ಯಾರೋ ಇನ್ನೊಂದು ರೊಟ್ಟಿ ಎಂದರು. ಅವ್ವ ವಾಪಸು ಹೋಗಿ ಬಡಿದಳು. ನಾನು ಅಳುತ್ತೇನೇನೋ ಎಂದು ಕಾದೆ, ಅಳು ಬರಲಿಲ್ಲ. ಮಧ್ಯಾಹ್ನ ತಲೆ ಬಾಚಿಕೊಳ್ಳದೆ ಮಲಗಿದೆ.

ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಾಳೆ, ತಾಯಿಯನ್ನು ತಂದು ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ ಎಂದು ಆ ವಾರದಲ್ಲೇ ಗೊತ್ತಾಯಿತು. ಕಾಕಾ ಹಾರಾಡಿದ. ಕೂದಲು ಹಿಡಿದು ಎಳೆದು ತರುತ್ತೇನೆ ಎಂದು ಹೊರಟವನು ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಎದುರಿನ ಚಹಾದಂಗಡಿಯಲ್ಲಿ ಚಹಾ ಕುಡಿದು ಬಂದ. ಹಮಾಲರು ಒಬ್ಬೊಬ್ಬರಾಗಿ ಅತ್ತ ಸರಿದರು. ನಮ್ಮ ಚಾಪೆಗಳು ಮಡಿಸಿದ ಹಾಗೇ ಉಳಿಯತೊಡಗಿದವು. ಆಮೇಲೆ ಕಾಕಾನೂ ಮನೆಯಲ್ಲಿ ಉಣ್ಣುವುದು ಕಡಿಮೆಯಾಯಿತು. ಎಲ್ಲಿ ಉಣ್ಣುತ್ತಾನೆ ಎಂದರೆ ಗಿರಣಿಯಲ್ಲಿ ಎನ್ನುತ್ತಿದ್ದ. ಅವನು ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ, ತನ್ನದೇ ಹಮಾಲರ ಜೊತೆ, ರೊಕ್ಕ ಕೊಟ್ಟು ಹೆಂಡತಿಯ ಕೈ ರೊಟ್ಟಿ ತಿನ್ನುವುದನ್ನು ನೀರಿನವನು ನೋಡಿ ಬಂದ. ಅವ್ವ ಅದನ್ನು ಅವನ ಮುಖದ ಮುಂದೆಯೇ ಹೇಳಿದಳು. ಕಾಕಾ ಗೋಡೆ ನೋಡುತ್ತ ಕೂತ.

"ಕರಕೊಂಡು ಬಾ ಅತ್ತಿಗಿ. ರೊಟ್ಟಿ ಬಡದ್ರ ಬಡೀಲಿ. ಇನ್ನ ನಾ ಏನೂ ಅನ್ನಂಗಿಲ್ಲ."

ಮಧ್ಯಾಹ್ನ ಅವ್ವ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡು, ನನ್ನ ಕೈ ಹಿಡಿದು ಹೊರಟಳು. ಕೆಲಸದವರನ್ನು ಕರೆಯಲು ಅವ್ವ ಯಾರ ಬಾಗಿಲಿಗೂ ಹೋದವಳಲ್ಲ; ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದರು. ಹೊಸ ಖಾನಾವಳಿಯ ಹಿತ್ತಲಲ್ಲಿ ಅಮರಮ್ಮ ಸಂಜೆಗೆ ಹಿಟ್ಟು ಸೋಸುತ್ತಿದ್ದಳು. ಪಕ್ಕದಲ್ಲಿ ಆಕೆಯ ತಾಯಿ ಕೈಯಿಂದ ತಡವುತ್ತ ಶೇಂಗಾ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಅಮರಮ್ಮ ಎದ್ದಳು, ಚಾಪೆ ಹಾಸಿದಳು, ಬೆಲ್ಲ ನೀರು ತಂದಿಟ್ಟಳು, ಗಂಡನ ಅಣ್ಣನ ಹೆಂಡತಿಗೆ, ಹಿರಿಯ ನೆಗೆಣ್ಣಿಗೆ, ಸಲ್ಲಬೇಕಾದಂತೆ ಅವ್ವನ ಕಾಲು ಮುಟ್ಟಿದಳು. ನನ್ನ ತಲೆಯ ಮೇಲೆ ಒಂದು ಸಲ ಕೈಯಾಡಿಸಿ, ಸಿಕ್ಕು ನೋಡಿ, ಕೈ ತೆಗೆದಳು. ಆ ಕೈ ಇನ್ನಷ್ಟು ಹೊತ್ತು ಅಲ್ಲೇ ಇರಬೇಕಾಗಿತ್ತು ಎಂದು ನನಗೆ ಅನಿಸಿತು. ಇಡೀ ವರ್ಷದಲ್ಲಿ ನನಗೆ ಹಾಗೆ ಏನಾದರೂ ಅನಿಸಿದ್ದು ಅದೊಂದೇ ಸಲ.

"ಮನಿಗೆ ನಡಿ" ಎಂದಳು ಅವ್ವ. "ಸಿದ್ದಪ್ಪ ಒಪ್ಯಾನ. ನಿ‌ಮ್ಮವ್ವನ್ನೂ ಕರಕೊಂಡು ಬಾ, ಹಿಂದಿನ ಒಂದು ಕೋಣ್ಯಾಗ ಇರ‍್ಲಿ. ಪಗಾರನೂ ಕೊಡ್ತೀವಿ. ಇಂವ ಏನು ಕೊಡ್ತಾನ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗಿನ ತಗೋ. ನಿನ್ನ ಕೈಯಾಗ ಕೊಡ್ತೀವಿ."

ಅಮರಮ್ಮ ಜರಡಿಯನ್ನು ಪಕ್ಕಕ್ಕೆ ಇಟ್ಟಳು.

"ಯಾರಿಗೆ ಕೊಡ್ತೀರಿ ಅಕ್ಕ? ಕೆಲಸದಾಕಿಗೋ, ಸೊಸಿಗೋ?"

ಕೆಲಸದವಳಿಗೆ ಎಂದರೆ ಕಟ್ಟಿಸಿದ ತಾಳಿಗೆ ಅರ್ಥವಿಲ್ಲ. ಸೊಸೆಗೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ಕೇಳದ ಮಾತು. ಅವ್ವ ನೀರಿನ ತಂಬಿಗೆಯನ್ನು ತುಸು ತಿರುಗಿಸಿದಳು.

"ಸೊಸಿಗೆ" ಎಂದಳು. ಅವಳಿಗೆ ಆ ಮಾತು ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ಕೂತ ನನಗೂ ಗೊತ್ತಾಯಿತು.

"ಹಂಗಾದ್ರ ಹಿರೇ ಸೊಸಿ ನೀವು. ಮೊದಲ ನಿಮ್ಮ ಪಗಾರ ನೀವು ತಗೋರಿ ಅಕ್ಕ. ನೀವು ತಗೊಂಡ ತಿಂಗಳ ನಾ ಬರ‍್ತೀನಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮೊದಲ ದಿನ ನಮ್ಮ ಮನೆಯಲ್ಲಿ ನಿಂತು ಕರಾರು ಹೇಳಿದ ದನಿಯೇ ಅದು. ನಾನು ಹುಟ್ಟುವ ಮುಂಚಿನಿಂದ ಅವ್ವ ಆ ಒಲೆ ಹಚ್ಚುತ್ತಿದ್ದಳು. ಅವಳಿಗೆ ರಜಾ ಇರಲಿಲ್ಲ, ಅವಳು ತವರಿಗೆ ಹೋದದ್ದು ನಾನು ನೋಡಿರಲಿಲ್ಲ. ಬಳೆ ಒಡೆದರೆ ಅಪ್ಪನನ್ನು ಕೇಳುತ್ತಿದ್ದಳು, ಅವನು ಮರೆತರೆ ಇನ್ನೊಂದು ಸಲ ಕೇಳುತ್ತಿದ್ದಳು. ಯಾರನ್ನು ಇಟ್ಟುಕೊಳ್ಳಬೇಕು, ಯಾರು ನಿಲ್ಲುತ್ತಾರೆ, ಯಾರು ಓಡುತ್ತಾರೆ ಎಂದು ಇಡೀ ಪೇಟೆಗೆ ಹೇಳುವವಳು ತನ್ನನ್ನು ಯಾರೂ ಕೆಲಸಕ್ಕೆ ಇಟ್ಟುಕೊಂಡೇ ಇಲ್ಲ ಎಂಬುದನ್ನು ಯೋಚಿಸಿರಲಿಲ್ಲ ಅಂತ ಕಾಣುತ್ತದೆ. ನಾನಂತೂ ಯೋಚಿಸಿರಲಿಲ್ಲ. ಅವ್ವ ಬೆಲ್ಲ ನೀರು ಕುಡಿದಳು, ತಂಬಿಗೆ ಕೆಳಗಿಟ್ಟಳು, ಬರ‍್ತೀನಿ ಎಂದು ಎದ್ದಳು. ದಾರಿಯಲ್ಲಿ ನನ್ನ ಕೈ ಹಿಡಿಯಲು ಮರೆತಳು. ನಾನು ಹಿಂದೆ ಹಿಂದೆ ನಡೆದೆ.

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಗಲ್ಲಾದ ಹಿಂದೆ ಕೂತು ನಮ್ಮ ದಾರಿ ನೋಡುತ್ತಿದ್ದ.

"ಏನಂದಳು? ಎಷ್ಟು ಕೇಳ್ತಾಳ?"

"ತನಗಂತ ಏನೂ ಕೇಳಲಿಲ್ಲ" ಎಂದಳು ಅವ್ವ. "ನನಗಂತ ಕೇಳಿದಳು."

ಅಪ್ಪನಿಗೆ ಅರ್ಥವಾಗಲಿಲ್ಲ. ಸಂಜೆಯ ರೊಟ್ಟಿಗೆ ಹೊತ್ತಾಯಿತು, ಒಲೆ ಹಚ್ಚು ಎಂದ. ಅವ್ವ ಒಳಗೆ ಹೋಗಲಿಲ್ಲ. ಗಲ್ಲಾದ ಮುಂದೆ ನಿಂತೇ ಇದ್ದಳು.